ದೇವನಾಮ: ಯೆಹೂದ್ಯ–ಕ್ರೈಸ್ತ ಪರಂಪರೆಗಳಲ್ಲಿ ಮತ್ತು ಮೈಸೂರು ಸೀಮೆಯ ಕನ್ನಡದಲ್ಲಿ

ಹೀಬ್ರೂ ಬೈಬಲ್ಲಿನಲ್ಲಿ ದೇವರ ಸ್ವಂತ ಹೆಸರು ಯೋದ್, ಹೇ, ವಾವ್, ಹೇ ಎಂಬ ನಾಲ್ಕು ವ್ಯಂಜನಗಳಾಗಿ 6,800ಕ್ಕೂ ಹೆಚ್ಚು ಸಲ ಬರುತ್ತದೆ. ಯೆಹೂದ್ಯರು ಅದನ್ನು ಬರೆಯುತ್ತಾರೆ, ಓದುವಾಗ ಉಚ್ಚರಿಸುವುದಿಲ್ಲ. ಕನ್ನಡದ ಪ್ರೊಟೆಸ್ಟಂಟರು ಅದೇ ಹೆಸರನ್ನು ‘ಯೆಹೋವ’ ಎಂದು ಬಾಯಿತುಂಬ ಹೇಳುತ್ತಾರೆ. ಕಥೋಲಿಕರ ಬಾಯಲ್ಲಿ ‘ಸರ್ವೇಶ್ವರ’, ‘ಪ್ರಭು’ ರೂಢಿ. ಮೈಸೂರಿನಂಥ ಊರಿನಲ್ಲಿ ಎರಡೂ ರೂಢಿ ಅಕ್ಕಪಕ್ಕದಲ್ಲೇ ಇವೆ. ಇದನ್ನು ಪಂಗಡಗಳ ಸಿದ್ಧಾಂತಭೇದ ಎಂದು ವಿವರಿಸಿ ಮುಗಿಸುವುದುಂಟು. ಆದರೆ ಸಿದ್ಧಾಂತಕ್ಕಿಂತ ಹೆಚ್ಚಾಗಿ ಭಾಷಾಂತರದ ಇತಿಹಾಸ ಮತ್ತು ಲಿಪಿಯ ಸ್ವಭಾವ ಇಲ್ಲಿ ಕೆಲಸ ಮಾಡಿವೆ.

ಹೆಸರು ಮೊದಲಿನಿಂದಲೂ ನಿಷಿದ್ಧವಾಗಿರಲಿಲ್ಲ. ಕ್ರಿ.ಪೂ. 9ನೇ ಶತಮಾನದ ಮೋವಾಬಿನ ಮೇಷ ಶಾಸನದಲ್ಲಿ ಅದು ಇದೆ. ಜೆರೂಸಲೇಮಿನ ಎರಡನೆಯ ದೇವಾಲಯದ ಕಾಲಕ್ಕೆ ಬರುವಾಗ ಉಚ್ಚಾರಣೆ ದೇವಾಲಯದ ಒಳಗೆ ಸರಿದಿತ್ತು. ಮಹಾಯಾಜಕನು ಪ್ರಾಯಶ್ಚಿತ್ತದ ದಿನ ಹೆಸರನ್ನು ಎತ್ತಿದಾಗ ನೆರೆದವರು ಸಾಷ್ಟಾಂಗ ಬೀಳುತ್ತಿದ್ದರೆಂದು ಯೆಹೂದ್ಯರ ಧರ್ಮಶಾಸ್ತ್ರ ಸಂಗ್ರಹವಾದ ಮಿಶ್ನಾ ಹೇಳುತ್ತದೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ ಆ ಸಂದರ್ಭವೂ ಇಲ್ಲವಾಯಿತು. ಪ್ರಾರ್ಥನೆಯಲ್ಲಿ ‘ಅದೋನಾಯ್’ (ನನ್ನ ಒಡೆಯ), ಮಾತಿನಲ್ಲಿ ‘ಹಾಶೆಮ್’ (ಆ ಹೆಸರು) ಉಳಿದವು. ಮದುವೆಮನೆಯಲ್ಲಿ ಗಂಡನ ಹೆಸರು ಹೇಳಿಸುವ ಶಾಸ್ತ್ರವನ್ನು ಕಂಡ ಕನ್ನಡಿಗರಿಗೆ ಹೆಸರೆತ್ತದ ಗೌರವ ಹೊಸದೇನಲ್ಲ.

ಗೊಂದಲವಿರುವುದು ‘ಯೆಹೋವ’ ಎಂಬ ರೂಪದಲ್ಲಿ. ಯೆಹೂದ್ಯರು ತಮ್ಮ ದೇವರನ್ನು ಹೀಗೆ ಕರೆಯುತ್ತಾರೆ ಎಂದು ಕನ್ನಡದಲ್ಲಿ ಸಲೀಸಾಗಿ ಬರೆಯುವುದುಂಟು, ಅದು ತಪ್ಪು. ಹೀಬ್ರೂ ಬೈಬಲ್ಲಿನ ಪಾಠವನ್ನು ಕಾಪಾಡಿದ ಮಧ್ಯಯುಗದ ಮಸೋರೆಟ್ ಪಂಡಿತರು ನಾಲ್ಕು ವ್ಯಂಜನಗಳಿಗೆ ‘ಅದೋನಾಯ್’ ಪದದ ಸ್ವರಚಿಹ್ನೆಗಳನ್ನು ಹಚ್ಚಿದರು. ‘ಇಲ್ಲಿ ಬದಲಿ ಪದ ಓದಿ’ ಎಂಬ ಸೂಚನೆ ಅದು. 13ನೇ ಶತಮಾನದ ಹೊತ್ತಿಗೆ ಕ್ರೈಸ್ತ ವಿದ್ವಾಂಸರು ಒಂದರ ವ್ಯಂಜನವನ್ನೂ ಇನ್ನೊಂದರ ಸ್ವರವನ್ನೂ ಕೂಡಿಸಿ ಓದತೊಡಗಿದರು. ಇಂಗ್ಲಿಷಿನಲ್ಲಿ ವಿಲಿಯಂ ಟಿಂಡೇಲ್ 1530ರಲ್ಲಿ ಈ ರೂಪವನ್ನು ಬಳಸಿದ. ‘ಯಾಹ್ವೆ’ ಎಂಬುದು ವಿದ್ವಾಂಸರ ಪುನಾರಚನೆ. 19ನೇ ಶತಮಾನದಲ್ಲಿ ಪ್ರಚಾರಕ್ಕೆ ಬಂತು.

ಮೈಸೂರು ಸೀಮೆಗೆ ಮೊದಲು ಬಂದದ್ದು ಕಥೋಲಿಕ ರೂಢಿ. ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 1649ರಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ಮಿಶನ್ ಆರಂಭಿಸಿ ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ ಬರೆದ. ಮದುರೆಯಲ್ಲಿ ರಾಬರ್ಟ್ ಡಿ ನೊಬಿಲಿಯ ಪರಂಪರೆ ‘ಸರ್ವೇಶ್ವರ’ವನ್ನು ನೆಲೆಗೊಳಿಸಿತ್ತು. ಈ ಸೀಮೆಯ ಕಥೋಲಿಕರ ಕನ್ನಡದಲ್ಲೂ ಅದೇ ಪದ ಬೇರೂರಿತು.

ಪ್ರೊಟೆಸ್ಟಂಟ್ ಭಾಷಾಂತರ ಬಳ್ಳಾರಿಯಿಂದ ಬಂತು. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮುಂದಾಳುತನದಲ್ಲಿ 1831ಕ್ಕೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಮುಂದೆ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ಶ್ರೀರಂಗಪಟ್ಟಣ–ಮೈಸೂರು ಭಾಗದಲ್ಲಿ ಎರಡು ದಶಕ ಕಳೆದ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಇಂಥ ದೇಶಭಾಷಾ ಬೈಬಲ್‌ಗಳನ್ನು ಕಟುವಾಗಿ ಟೀಕಿಸಿದ. ಮರುವರ್ಷವೇ ಪ್ರೊಟೆಸ್ಟಂಟ್ ಪಾದ್ರಿ ಜೇಮ್ಸ್ ಹಫ್ ಉತ್ತರ ಬರೆದ. ಇಬ್ಬರೂ ತಮ್ಮ ತಮ್ಮ ಮಿಶನ್ನಿನ ವಕೀಲರೇ. ಅವರ ಮಾತನ್ನು ಎಚ್ಚರದಿಂದ ಓದಬೇಕು.

ಭಾಷಾಂತರಕಾರರ ಇಕ್ಕಟ್ಟು ಮಾತ್ರ ನಿಜವಾದದ್ದು. ಹೀಬ್ರೂವಿನಲ್ಲಿ ಬರಿಯ ವ್ಯಂಜನಗಳನ್ನು ಬರೆದು ಉಚ್ಚಾರಣೆಯನ್ನು ಓದುವವನಿಗೆ ಬಿಡಬಹುದು. ಕನ್ನಡದ ಅಕ್ಷರಕ್ಕೆ ಸ್ವರ ಅಂಟಿಕೊಂಡೇ ಇರುತ್ತದೆ. ಒತ್ತು, ಅರ್ಧಾಕ್ಷರ ಹಾಕಿ ಬರೆದರೆ ಓದಲಾಗದ ಗಂಟಾಗುತ್ತದೆ. ಇಂಗ್ಲಿಷಿನವರು ‘ಲಾರ್ಡ್’ ಪದವನ್ನು ಪೂರ್ತಿ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿ, ಇದು ದೇವನಾಮದ ಜಾಗ ಎಂದು ಕಣ್ಣಿಗೆ ತೋರಿಸುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ–ಸಣ್ಣಕ್ಷರಗಳೇ ಇಲ್ಲ. ಹಾಗಾಗಿ ಒಂದೋ ಹೆಸರನ್ನು ಸ್ವರಸಮೇತ ಹೇಳಬೇಕು, ಇಲ್ಲವೇ ‘ಕರ್ತ’ನಂಥ ಪದ ಇಟ್ಟು ವ್ಯತ್ಯಾಸ ಅಳಿಸಬೇಕು. ತಮಿಳಿನ ಪ್ರೊಟೆಸ್ಟಂಟ್ ಬೈಬಲ್ ಬಹುಪಾಲು ಎರಡನೆಯದನ್ನು ಆರಿಸಿ ‘ಕರ್ತ್ತರ್’ ಎಂದಿತು. ರೂಢಿಗೆ ಬಂದ ಕನ್ನಡ ‘ಸತ್ಯವೇದ’ ಹಳೆಯ ಒಡಂಬಡಿಕೆಯಲ್ಲಿ ‘ಯೆಹೋವ’ ಎಂದೇ ಹೇಳುತ್ತದೆ. ಮೂಲದಲ್ಲಿ ಎಲ್ಲೆಲ್ಲಿ ಹೆಸರಿದೆ ಎಂಬುದನ್ನು ಕನ್ನಡ ಓದುಗ ಇದರಿಂದ ತಿಳಿಯಬಲ್ಲ. ಆ ಮಟ್ಟಿಗೆ ಕನ್ನಡದ ಆಯ್ಕೆ ಹೆಚ್ಚು ಪಾರದರ್ಶಕ.

ಆದರೆ 110ನೇ ಕೀರ್ತನೆಯ ಮೊದಲ ವಚನವನ್ನು ಮತ್ತಾಯನ 22ನೇ ಅಧ್ಯಾಯದ ಉಲ್ಲೇಖದೊಡನೆ ಹೋಲಿಸಿದರೆ ಬಿರುಕು ಕಾಣುತ್ತದೆ. ಕೀರ್ತನೆಯಲ್ಲಿ ಮಾತಾಡುವವನು ಯೆಹೋವ, ಸುವಾರ್ತೆಯಲ್ಲಿ ಅವನೇ ಕರ್ತ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ‘ಕಿರಿಯೋಸ್’ (ಒಡೆಯ) ಇರುವುದೇ ಕಾರಣ. ಯೆಹೋವನ ಸಾಕ್ಷಿಗಳ ‘ನೂತನ ಲೋಕ ಭಾಷಾಂತರ’ ಹೊಸ ಒಡಂಬಡಿಕೆಯಲ್ಲೂ 237 ಕಡೆ ದೇವನಾಮವನ್ನು ಸೇರಿಸುತ್ತದೆ. ಈಗ ದೊರೆತಿರುವ ಯಾವ ಗ್ರೀಕ್ ಹಸ್ತಪ್ರತಿಯೂ ಅದಕ್ಕೆ ಆಧಾರವಾಗಿಲ್ಲ.

ಇತ್ತೀಚಿನ ತಿರುವುಗಳು ಎರಡು. ಭಾರತದ ಬೈಬಲ್ ಸೊಸೈಟಿಯ ಆಡುಗನ್ನಡಕ್ಕೆ ಹತ್ತಿರವಾದ ಸಾಮಾನ್ಯ ಭಾಷಾಂತರ ಹಳೆಯ ಒಡಂಬಡಿಕೆಯಲ್ಲಿ ‘ಯೆಹೋವ’ವನ್ನು ಬಿಟ್ಟು ‘ಸರ್ವೇಶ್ವರ’ವನ್ನು ತಂದಿತು. 2008ರ ಜೂನ್ 29ರಂದು ವ್ಯಾಟಿಕನ್ ಬಿಷಪ್ ಮಂಡಳಿಗಳಿಗೆ ಪತ್ರ ಬರೆದು ಆರಾಧನೆ, ಹಾಡು, ಪ್ರಾರ್ಥನೆಗಳಲ್ಲಿ ನಾಲ್ಕಕ್ಷರದ ಹೆಸರನ್ನು ಉಚ್ಚರಿಸಬಾರದೆಂದು ತಿಳಿಸಿತು. ಪಾಶ್ಚಾತ್ಯ ಚರ್ಚುಗಳಲ್ಲಿ ‘ಯಾಹ್ವೆ’ ಎಂದು ಹಾಡುತ್ತಿದ್ದವರಿಗೆ ಇದು ದೊಡ್ಡ ಬದಲಾವಣೆ. ‘ಸರ್ವೇಶ್ವರ’, ‘ಪ್ರಭು’ ಎನ್ನುವ ಕನ್ನಡ ಪೂಜಾವಿಧಿಗೆ ಅಷ್ಟಾಗಿ ತಟ್ಟುವಂಥದ್ದಲ್ಲ.

ಹೆಸರನ್ನು ವರ್ಜಿಸುವವರ ಬಾಯಲ್ಲೂ ಅದರ ತುಣುಕು ಉಳಿದಿದೆ. ಯೋಹಾನ, ಏಲೀಯ ಎಂಬ ವ್ಯಕ್ತಿನಾಮಗಳಲ್ಲಿ ಅದು ಅಡಗಿದೆ. ‘ಹಲ್ಲೆಲೂಯ’ದ ಕೊನೆಯ ‘ಯ’ ದೇವನಾಮದ ಮೊಟಕು ರೂಪ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಕಥೋಲಿಕರೂ ವೆಸ್ಲಿ ಚರ್ಚಿನ ಪ್ರೊಟೆಸ್ಟಂಟರೂ ಇದನ್ನು ಹಾಡುತ್ತಾರೆ. ತಪಸ್ಸುಕಾಲದ ಪೂಜೆಯಲ್ಲಿ ಮಾತ್ರ ಕಥೋಲಿಕರು ಅದನ್ನು ಬಿಡುತ್ತಾರೆ.