ವೃದ್ಧರ ಕ್ಯಾನ್ಸರ್ ತಪಾಸಣೆಯಲ್ಲಿ ವಯೋಮಿತಿಯ ಪ್ರಶ್ನೆ

ರೋಗಲಕ್ಷಣವಿಲ್ಲದವರಲ್ಲಿ ಕ್ಯಾನ್ಸರನ್ನು ಮೊದಲೇ ಗುರುತಿಸಲು ನಡೆಸುವ ಪರೀಕ್ಷೆಯನ್ನು ತಪಾಸಣೆ ಎಂದೂ, ಲಕ್ಷಣ ಕಾಣಿಸಿಕೊಂಡ ಮೇಲೆ ಅದರ ಕಾರಣವನ್ನು ಖಚಿತಪಡಿಸುವುದನ್ನು ರೋಗನಿರ್ಣಯ ಎಂದೂ ವೈದ್ಯಶಾಸ್ತ್ರ ಬೇರ್ಪಡಿಸುತ್ತದೆ. ಭಾರತ ಸರ್ಕಾರದ 2016ರ ಮಾರ್ಗಸೂಚಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಗೊತ್ತುಪಡಿಸಿದ 30ರಿಂದ 65 ವರ್ಷಗಳ ಮಿತಿ ತಪಾಸಣೆಗಷ್ಟೇ ಸಲ್ಲುತ್ತದೆ.

ಮೇಲ್ಮಿತಿಯ ಹಿಂದಿನ ತರ್ಕ ತಳ್ಳಿಹಾಕುವಂಥದ್ದಲ್ಲ. ತಪಾಸಣೆಯ ತೊಂದರೆಗಳು ಕೂಡಲೇ ಎದುರಾದರೆ ಅದರ ಫಲ ವರ್ಷಗಳ ನಂತರ ದೊರೆಯುತ್ತದೆ. ಸ್ತನ ಮತ್ತು ದೊಡ್ಡಕರುಳಿನ ತಪಾಸಣೆಗೆ ಒಳಗಾದ ಸಾವಿರ ಮಂದಿಯಲ್ಲಿ ಒಂದು ಸಾವನ್ನು ತಪ್ಪಿಸಲು ಸುಮಾರು 10 ವರ್ಷ ಹಿಡಿಯುತ್ತದೆಂದು 2013ರ ವಿಶ್ಲೇಷಣೆಯೊಂದು ತೋರಿಸಿದೆ. ಹೃದಯ, ಮೂತ್ರಪಿಂಡಗಳ ಕಾಯಿಲೆಯಿಂದ ಬಳಲಿದವರಿಗೆ ಅಷ್ಟು ಆಯುಷ್ಯ ಉಳಿದಿರದೆ ಇರಬಹುದು. ಬದುಕಿರುವಷ್ಟು ಕಾಲ ಬಾಧಿಸದೆ ಇರುತ್ತಿದ್ದ ಗಡ್ಡೆಯನ್ನು ಹುಡುಕಿ ತೆಗೆದು ಚಿಕಿತ್ಸೆ ಕೊಡುವ ಅತಿನಿದಾನದ ಅಪಾಯವೂ ವಯಸ್ಸಿನೊಡನೆ ಹೆಚ್ಚುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಪತ್ತೆಗೆ 70 ತುಂಬಿದವರಲ್ಲಿ ಪಿಎಸ್‌ಎ ರಕ್ತಪರೀಕ್ಷೆ ಬೇಡವೆಂದು ಅಮೆರಿಕದ ತಜ್ಞಮಂಡಳಿ 2018ರಲ್ಲಿ ಸೂಚಿಸಿದ್ದು ಈ ಕಾರಣಕ್ಕೇ.

ಬಾಯಿಯ ಕ್ಯಾನ್ಸರ್‌ಗೆ ಇದೇ ಅಳತೆ ಒಗ್ಗುವುದಿಲ್ಲ. ತಿರುವನಂತಪುರದಲ್ಲಿ 1996ರಲ್ಲಿ ಆರಂಭವಾದ ಪ್ರಯೋಗದಲ್ಲಿ ತರಬೇತಾದ ಕಾರ್ಯಕರ್ತರು 35 ವರ್ಷ ದಾಟಿದವರ ಬಾಯನ್ನು ಬರಿಗಣ್ಣಿನಿಂದಲೇ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವು ಶೇ. 34ರಷ್ಟು ತಗ್ಗಿದ್ದು 2005ರಲ್ಲಿ ವರದಿಯಾಯಿತು. ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವವರಲ್ಲಿ ಅದರ ಹಾನಿ ದಶಕಗಳಿಂದ ಶೇಖರವಾಗುತ್ತ ಬಂದಿರುತ್ತದೆ, ತಾಂಬೂಲವನ್ನು ಒತ್ತರಿಸಿಡುವ ಕೆನ್ನೆಯ ಒಳಮೈಯಲ್ಲೇ ಕ್ಯಾನ್ಸರ್‌ಪೂರ್ವದ ಬಿಳಿ ಮಚ್ಚೆ ಏಳುತ್ತದೆ. ಟಾರ್ಚಿನ ಬೆಳಕಿನಲ್ಲಿ ನಿಮಿಷಗಳಲ್ಲಿ ಮುಗಿಯುವ, ನೋವಿಲ್ಲದ ಈ ಪರೀಕ್ಷೆಯನ್ನು 65ಕ್ಕೆ ನಿಲ್ಲಿಸುವುದಕ್ಕೆ ಸಮರ್ಥನೆ ದುರ್ಬಲ. ಗರ್ಭಕೊರಳಿನ ಸಂಗತಿ ಬೇರೆ: ಮುಟ್ಟು ನಿಂತ ಬಳಿಕ ಕ್ಯಾನ್ಸರ್ ಹುಟ್ಟುವ ಭಾಗ ಒಳಗೆ ಸರಿಯುವುದರಿಂದ ಅಸಿಟಿಕ್ ಆಮ್ಲ ಲೇಪಿಸಿ ಕಣ್ಣಿನಿಂದ ನೋಡುವ ವಿಧಾನವನ್ನು ಅಷ್ಟಾಗಿ ನಂಬಲಾಗದು.

ರೋಗನಿರ್ಣಯದಲ್ಲಿ ಆಗುವ ವಿಳಂಬ ಇದಕ್ಕಿಂತ ಗಂಭೀರವಾದುದು. ಮುಟ್ಟು ನಿಂತು ವರ್ಷಗಳಾದ ಮೇಲಿನ ರಕ್ತಸ್ರಾವ, ಮೂಲವ್ಯಾಧಿಯೆಂದು ಬಗೆದ ಮಲದ ರಕ್ತ, ಕಟ್ಟಿಸಿದ ಹಲ್ಲು ಒತ್ತಿ ಆದದ್ದೆಂದು ಬಿಟ್ಟ, ವಾರಗಳು ಕಳೆದರೂ ಮಾಯದ ಹುಣ್ಣು ಇವೆಲ್ಲ ‘ವಯಸ್ಸಾಯಿತಲ್ಲ’ ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತವೆ, ಮತ್ತು ಈ ಮಾತು ಮನೆಯವರ ಬಾಯಲ್ಲಷ್ಟೇ ಬರುವುದೆಂದು ಹೇಳುವಂತಿಲ್ಲ. ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಸೂಜಿಯಿಂದ ಅಂಗಾಂಶ ತೆಗೆದು ಪರೀಕ್ಷಿಸುವುದೂ ವ್ಯರ್ಥವೆಂಬ ಎಣಿಕೆ ಇದರ ಮುಂದುವರಿಕೆ. ಆದರೆ ಸ್ತನದ ಗಡ್ಡೆ ಹಾರ್ಮೋನಿಗೆ ಸ್ಪಂದಿಸುವಂಥದೆಂದು ಆ ಪರೀಕ್ಷೆಯಲ್ಲಿ ತಿಳಿದರೆ, ದುರ್ಬಲರಾದ ವೃದ್ಧೆಯರಲ್ಲಿಯೂ ದಿನಕ್ಕೊಂದು ಮಾತ್ರೆಯಿಂದಲೇ ಅದನ್ನು ಬಹುಕಾಲ ಹತೋಟಿಯಲ್ಲಿಡಲು ಸಾಧ್ಯವಾಗುವುದುಂಟು.