ರೇವಕನಿಮ್ಮಡಿಯ ಬಳುವಳಿ: ಎರಡು ಶಾಸನಗಳ ನಡುವೆ

ಗಂಗರ ಇಮ್ಮಡಿ ಬೂತುಗನಿಗೆ ಬೆಳ್ವೊಲ, ಪುಲಿಗೆರೆ ನಾಡುಗಳು ದಕ್ಕಿದ್ದು ಹೇಗೆ? ಶಾಲೆಯ ಪುಸ್ತಕದ ಉತ್ತರ ತಕ್ಕೋಲದ ಯುದ್ಧ. ಮಂಡ್ಯ ಜಿಲ್ಲೆಯ ಆತಕೂರು ಶಾಸನ ಹೇಳುವುದೂ ಅದನ್ನೇ: ಚೋಳ ರಾಜಾದಿತ್ಯನನ್ನು ಕೊಂದ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70ನ್ನು ಮೆಚ್ಚಿ ಕೊಟ್ಟ. ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಆ ಕಲ್ಲಿನಲ್ಲಿ ಹೆಸರಿದೆ. ಬೂತುಗನ ರಾಣಿ ರೇವಕನಿಮ್ಮಡಿಗಿಲ್ಲ.

ಧಾರವಾಡ ಜಿಲ್ಲೆಯ ಹೆಬ್ಬಾಳದ ಶಾಸನ (975) ಬೇರೆಯೇ ಮಾತಾಡುತ್ತದೆ. ಅದರ ಪ್ರಕಾರ ಪುಲಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆ ನಾಡುಗಳು ಮೂರನೆಯ ಅಮೋಘವರ್ಷ ಬದ್ದೆಗನ ಮಗಳು, ಕೃಷ್ಣನ ಅಕ್ಕ ರೇವಕನಿಮ್ಮಡಿಯ ಮದುವೆಯಲ್ಲಿ ಬೂತುಗನಿಗೆ ಬಂದ ಬಳುವಳಿ. ಬನವಾಸಿ ಈ ಪಟ್ಟಿಯಲ್ಲಿಲ್ಲ. ಈ ಒಂದು ವ್ಯತ್ಯಾಸದಲ್ಲೇ ಉತ್ತರವಿದೆಯೆಂದು ನನ್ನ ಎಣಿಕೆ. ನಾಲ್ಕು ನಾಡುಗಳು ಹೆಣ್ಣಿನೊಡನೆ ಮೊದಲೇ ಬಂದವು. ತಕ್ಕೋಲದ ಬಳಿಕ ಹೊಸದಾಗಿ ಸಿಕ್ಕಿದ್ದು ಬನವಾಸಿ, ಉಳಿದವನ್ನು ಕೃಷ್ಣ ಮತ್ತೆ ಸ್ಥಿರಪಡಿಸಿದ. ಆತಕೂರಿನ ಕವಿಗೆ ಬೇಕಿದ್ದುದು ವೀರದ ಕಥೆ, ಮದುವೆಯ ಲೆಕ್ಕವಲ್ಲ.

ಆ ಮದುವೆ ನಡೆದದ್ದು ಅಧಿಕಾರದ ಇಕ್ಕಟ್ಟಿನಲ್ಲಿ. ಬದ್ದೆಗ ಕಲಚುರಿಗಳ ಅಳಿಯ. ಬೂತುಗ ಕಲಚುರಿಗಳ ರಾಜಧಾನಿಯಾದ ಡಾಹಳದ ತ್ರಿಪುರಿಯಲ್ಲಿ ಬದ್ದೆಗನ ಮಗಳ ಕೈಹಿಡಿದನೆಂದು ಸೂಡಿಯ ತಾಮ್ರಪಟ ಹೇಳುತ್ತದೆ. ಈ ತಾಮ್ರಪಟ ಕೂಟಶಾಸನವೆಂದು ಶಾಸನತಜ್ಞ ಫ್ಲೀಟ್ ಸಂಶಯಿಸಿದ್ದರು. ಆದರೂ ಬದ್ದೆಗನ ಕಲಚುರಿ ನಂಟನ್ನು ನೋಡಿದರೆ ತ್ರಿಪುರಿಯ ಮಾತು ಅಸಂಭವವಲ್ಲ. ಗಂಗ ಸಿಂಹಾಸನದ ಮೇಲಿದ್ದ ರಾಚಮಲ್ಲನನ್ನು ಕೃಷ್ಣ ಕಿತ್ತುಹಾಕಿ ಬೂತುಗನನ್ನು ಕೂರಿಸಿದ ಸಂಗತಿ ದೇವಳಿ ತಾಮ್ರಪಟದಲ್ಲಿದೆ (940). ರಾಚಮಲ್ಲ ಬೂತುಗನ ಒಡಹುಟ್ಟಿದವನೇ. ಭಾವಮೈದುನರ ಈ ಕೊಡುಕೊಳೆಯ ನಡುವೆ ನಿಂತವಳು ರೇವಕನಿಮ್ಮಡಿ.

ನಂಟು ಒಂದು ತಲೆಮಾರಿಗೆ ಮುಗಿಯಲಿಲ್ಲ. ಅವಳ ಮಗ ಮರುಳದೇವ ಸೋದರಮಾವ ಕೃಷ್ಣನ ಮಗಳನ್ನೇ ಮದುವೆಯಾದ. ಬೂತುಗನ ಮಗಳು ಕೃಷ್ಣನ ಸೊಸೆಯಾದಳು; ಅವಳ ಮಗನೇ ನಾಲ್ಕನೆಯ ಇಂದ್ರ. ಆದರೆ ಮರುಳದೇವನ ಆಳ್ವಿಕೆ ಬೇಗ ಮುಗಿದು, ಬೂತುಗನ ಇನ್ನೊಬ್ಬ ರಾಣಿ ಕಲ್ಲಬ್ಬೆಯ ಮಗ ಮಾರಸಿಂಹ ಪಟ್ಟಕ್ಕೆ ಬಂದ. 971ರ ಅದರಗುಂಚಿ ಶಾಸನದಲ್ಲಿ ಪುಲಿಗೆರೆ, ಬೆಳ್ವೊಲಗಳನ್ನು ಆಳುತ್ತಿರುವವನು ಅವನೇ. ರೇವಕನಿಮ್ಮಡಿಯ ಬಳುವಳಿ ಸವತಿಯ ಮಗನ ಪಾಲಾಗಿತ್ತು! ಅದು ಅವಳ ಸ್ತ್ರೀಧನವಾಗಿರಲಿಲ್ಲ, ಗಂಗ ಮನೆತನದ ಆಸ್ತಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಉರುಳಿಸಿದಾಗ ಮಾರಸಿಂಹ ಪಟ್ಟ ಕಟ್ಟಲು ಹೊರಟದ್ದು ಇದೇ ಇಂದ್ರನಿಗೆ. ಪ್ರಯತ್ನ ಫಲಿಸಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಜೈನರ ಸಲ್ಲೇಖನ ವ್ರತದಿಂದ ಮಡಿದ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತ ಹಿಡಿದು ತೀರಿಕೊಂಡ.