'ಬ್ರೇಕ್ ಫೇಲ್' ಎಂಬ ಮಾತಿನ ಹಿಂದೆ

ಮಳೆಗಾಲ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಸರಕು ತುಂಬಿದ ಪಿಕಪ್ ಒಂದು ಇಳಿಜಾರಿನಲ್ಲಿ ಹತೋಟಿ ತಪ್ಪಿ ಕಂದಕಕ್ಕೆ ಉರುಳಿತು. ಚಾಲಕ ಸ್ಥಳದಲ್ಲೇ ಮೃತಪಟ್ಟ. ಬ್ರೇಕ್ ವೈಫಲ್ಯವೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಓದಿದವರಲ್ಲಿ ಕೆಲವರು 'ಹಣೆಬರಹ' ಎನ್ನುತ್ತಾರೆ, ಕೆಲವರು 'ತಖ್ದೀರ್' ಎನ್ನುತ್ತಾರೆ. ಸಿಡಿಲಿನ ಹಾಗೆ ಬ್ರೇಕ್ ವೈಫಲ್ಯವೂ ಆಕಾಶದಿಂದ ಇಳಿದು ಬಂತೆಂಬಂತೆ ನಾವು ಪುಟ ತಿರುವುತ್ತೇವೆ.

ಆದರೆ ಬ್ರೇಕಿಗೂ ಒಂದು ಚರಿತ್ರೆಯಿದೆ. ಅದನ್ನು ಸ್ವಲ್ಪ ಕೆದಕಿ ನೋಡಿದರೆ, ಹಣೆಬರಹವೆಂದು ನಾವು ಕೈತೊಳೆದುಕೊಂಡ ಕಡೆಯಲ್ಲೆಲ್ಲ ಯಾರದೋ ಲೆಕ್ಕಪುಸ್ತಕ ತೆರೆದುಕೊಂಡಿರುವುದು ಕಾಣಿಸುತ್ತದೆ.

ಎತ್ತಿನ ಗಾಡಿಯ ಕಾಲದಲ್ಲಿ ಬ್ರೇಕೆಂದರೆ ಚಕ್ರದ ಪಟ್ಟಿಗೆ ಒತ್ತುವ ಒಂದು ಮರದ ತುಂಡು, ಅಷ್ಟೆ. ಮರವೂ ಕಬ್ಬಿಣವೂ ಉಜ್ಜಿದಾಗ ಹೊಗೆ ಬರುತ್ತಿತ್ತು, ಮರ ಸವೆಯುತ್ತಿತ್ತು. ಇಂಗ್ಲೆಂಡಿನ ಡರ್ಬಿಶೈರ್ ಎಂಬ ಗುಡ್ಡಗಾಡು ಸೀಮೆಯಲ್ಲಿ ಗಾಡಿಯವರು ಆ ಮರದ ತುಂಡಿಗೆ ಹಳೆಯ ಬೂಟಿನ ಚರ್ಮ ಹೊಡೆದು ಇಳಿಜಾರು ಇಳಿಯುತ್ತಿದ್ದರಂತೆ. ಅದನ್ನು ನೋಡಿದ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಉಜ್ಜಿಕೆಗೆಂದೇ ಬೇರೆ ವಸ್ತುವನ್ನು ತಯಾರಿಸುವ ಯತ್ನಕ್ಕೆ ಕೈ ಹಾಕಿದ. ಇಂದು ನಮ್ಮ ಗ್ಯಾರೇಜುಗಳಲ್ಲಿ 'ಲೈನರ್' ಎಂದು ಕರೆಯುವ ಪಟ್ಟಿಯ ಹುಟ್ಟು ಅದು. ಫೆರೋಡೋ ಎಂಬ ಹೆಸರು ಬಂದದ್ದು ಆತನ ಹೆಸರಿನ ಅಕ್ಷರಗಳಿಂದಲೇ. ಆ ಪಟ್ಟಿಯೊಳಗೆ ಸೇರಿಕೊಂಡ ಇನ್ನೊಂದು ವಸ್ತುವಿನ ಮಾತು ಮುಂದೆ ಬರುತ್ತದೆ.

ಗಾಡಿಗಿಂತ ದೊಡ್ಡ ಸಮಸ್ಯೆ ರೈಲಿನದು. ಅಮೆರಿಕದ ಸರಕು ರೈಲುಗಳಲ್ಲಿ ಬ್ರೇಕ್ ಹಾಕಲೆಂದೇ ಆಳುಗಳಿರುತ್ತಿದ್ದರು. ಎಂಜಿನ್ನಿನ ಸೀಟಿ ಕೇಳಿದೊಡನೆ ಅವರು ಓಡುವ ಡಬ್ಬಿಗಳ ನೆತ್ತಿಯ ಮೇಲೆ ನಡೆಯುತ್ತ, ಒಂದರಿಂದ ಒಂದಕ್ಕೆ ಜಿಗಿಯುತ್ತ, ಪ್ರತಿ ಡಬ್ಬಿಯ ಕೈಚಕ್ರವನ್ನು ತಿರುಗಿಸಬೇಕಿತ್ತು. ಮಂಜು ಬಿದ್ದ ರಾತ್ರಿಯಲ್ಲಿ ಕಾಲು ಜಾರಿದರೆ ಕತೆ ಮುಗಿಯಿತು. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ 22 ವರ್ಷದ ಹುಡುಗ ಒತ್ತಿ ತುಂಬಿದ ಗಾಳಿಯಿಂದ ಇಡೀ ರೈಲಿನ ಬ್ರೇಕನ್ನು ಎಂಜಿನ್ನಿನಿಂದಲೇ ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ.

ಆತನ ಮೊದಲ ಬ್ರೇಕಿನಲ್ಲಿ ಒಂದು ದೋಷವಿತ್ತು. ಗಾಳಿ ಬಂದರೆ ಬ್ರೇಕ್ ಹಿಡಿಯುತ್ತಿತ್ತು. ನಳಿಕೆ ಒಡೆದರೆ ಗಾಳಿಯೂ ಇಲ್ಲ, ಬ್ರೇಕೂ ಇಲ್ಲ. 1872ರಲ್ಲಿ ಆತ ಈ ತರ್ಕವನ್ನೇ ತಲೆಕೆಳಗು ಮಾಡಿದ. ಪ್ರತಿ ಡಬ್ಬಿಗೂ ಒಂದು ಗಾಳಿಯ ತೊಟ್ಟಿ ಮತ್ತು ಒಂದು ಕವಾಟವನ್ನಿಟ್ಟ. ಈಗ ನಳಿಕೆಯ ಗಾಳಿ ಬ್ರೇಕನ್ನು ಹಿಡಿಯುವುದಿಲ್ಲ, ಬಿಡಿಸುತ್ತದೆ. ನಳಿಕೆ ಒಡೆದರೆ, ಡಬ್ಬಿ ಕಳಚಿಕೊಂಡರೆ, ಒತ್ತಡ ಇಳಿದ ಕ್ಷಣವೇ ಪ್ರತಿ ಡಬ್ಬಿಯ ಬ್ರೇಕೂ ತಾನಾಗಿ ಕಚ್ಚಿಕೊಳ್ಳುತ್ತದೆ. ಏನೇ ಕೆಟ್ಟರೂ ಕೊನೆಗೆ ಗಾಡಿ ನಿಲ್ಲಬೇಕು, ಓಡಬಾರದು ಎಂಬ ಈ ಒಂದು ವಿಚಾರ ಬ್ರೇಕಿನ ಚರಿತ್ರೆಯಲ್ಲೇ ದೊಡ್ಡದು.

ಇಷ್ಟು ಒಳ್ಳೆಯ ವಸ್ತು ಬಂದ ಮೇಲೆ ಎಲ್ಲರೂ ಅದನ್ನು ಅಳವಡಿಸಿಕೊಂಡರೆಂದು ನೀವು ಭಾವಿಸಬಹುದು. ಇಲ್ಲ. 17 ವರ್ಷಗಳ ನಂತರವೂ ಬ್ರಿಟನ್ನಿನ ಹಲವು ರೈಲು ಕಂಪೆನಿಗಳಿಗೆ ಅದು ದುಬಾರಿ ಅನಿಸಿತ್ತು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬ ಊರಿನಿಂದ ಸಂಡೇ ಸ್ಕೂಲಿನ ಮಕ್ಕಳನ್ನು ಕಡಲತೀರದ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ರೈಲು, ಭಾರ ಹೆಚ್ಚಾಗಿ ಏರಿನಲ್ಲಿ ನಿಂತುಬಿಟ್ಟಿತು. ರೈಲನ್ನು ಎರಡು ಭಾಗ ಮಾಡಿ ಮುಂದಿನ ಅರ್ಧವನ್ನು ಮೊದಲು ಒಯ್ಯೋಣವೆಂದು ತೀರ್ಮಾನಿಸಿದರು. ಆ ರೈಲಿಗಿದ್ದದ್ದು ಹಳೆಯ ತರ್ಕದ ಬ್ರೇಕು; ಎಂಜಿನ್ನಿನಿಂದ ಕಳಚಿದೊಡನೆ ಹಿಂದಿನ ಡಬ್ಬಿಗಳಿಗೆ ಬ್ರೇಕೇ ಇಲ್ಲದಂತಾಯಿತು. ಉಳಿದದ್ದು ಕೊನೆಯ ಡಬ್ಬಿಯ ಕೈಬ್ರೇಕು ಮತ್ತು ಚಕ್ರದಡಿಗೆ ಇಟ್ಟ ಕಲ್ಲುಗಳು. ಮುಂದಿನ ಭಾಗ ಹೊರಡುವಾಗ ತುಸು ಹಿಂದೆ ಸರಿದು ತಾಗಿತು. ಕಲ್ಲುಗಳು ಪುಡಿಯಾದವು. ಮಕ್ಕಳಿದ್ದ ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಓಡಿ, ಎದುರಿಗೆ ಬರುತ್ತಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿದವು. ಸುಮಾರು 80 ಮಂದಿ ಸತ್ತರು. ಅವರಲ್ಲಿ ಎಷ್ಟೋ ಮಕ್ಕಳು.

ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕ ರೈಲುಗಳಿಗೆ ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯಗೊಳಿಸಿತು. 1893ರಲ್ಲಿ ಅಮೆರಿಕವೂ ರೈಲು ಸುರಕ್ಷತೆಗೆ ಕಾನೂನು ತಂದಿತು. ಜ್ಞಾನ ಬಂದದ್ದು 1872ರಲ್ಲಿ, ಕಾನೂನು ಬಂದದ್ದು 1889ರಲ್ಲಿ. ನಡುವಿನ ಆ 17 ವರ್ಷಗಳಿಗೆ ನಾವು ಯಾವ ಹೆಸರಿಡೋಣ? ಹಣೆಬರಹವೆಂದೇ?

ಈ ಸ್ವಯಂಚಾಲಿತ ತರ್ಕ ಮುಂದೆ ಲಾರಿಗೂ ಬಂತು. ದೊಡ್ಡ ಲಾರಿಯೊಂದು ನಿಂತಾಗ 'ಫುಸ್' ಎಂದು ನಿಟ್ಟುಸಿರು ಬಿಡುವುದನ್ನು ನಾವೆಲ್ಲ ಕೇಳಿದ್ದೇವೆ. ಚಾಲಕ ನಿಲುಗಡೆ ಬ್ರೇಕಿನ ಗುಂಡಿ ಎಳೆದಾಗ ಗಾಳಿ ಹೊರಹೋಗುತ್ತದೆ. ಅದುವರೆಗೆ ಗಾಳಿ ಅದುಮಿ ಹಿಡಿದಿದ್ದ ಬಲವಾದ ಸ್ಪ್ರಿಂಗು ಚಾಚಿಕೊಂಡು ಚಕ್ರವನ್ನು ಕಚ್ಚುತ್ತದೆ. ಗಾಳಿ ಇಲ್ಲವಾದರೆ ಲಾರಿ ಚಲಿಸುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಬ್ರೇಕುಗಳ ತಯಾರಿಕೆಗೆ ನೆಲೆ ಒದಗಿದ್ದು 1962ರಲ್ಲಿ. ಆ ವರ್ಷ ಮದರಾಸಿನಲ್ಲಿ ಬ್ರಿಟಿಷ್ ಕಂಪೆನಿಗಳ ಸಹಯೋಗದೊಂದಿಗೆ ಸುಂದರಂ ಕ್ಲೇಟನ್ ಮತ್ತು ಬ್ರೇಕ್ಸ್ ಇಂಡಿಯಾ ಹುಟ್ಟಿದವು.

ಆದರೆ ಪಿಕಪ್ಪಿನ ಕತೆ ಬೇರೆ. ಮೀನು, ಅಡಿಕೆ, ತರಕಾರಿ, ಸಿಮೆಂಟು ಹೊತ್ತು ಹಗಲು ರಾತ್ರಿ ಘಾಟಿ ಹತ್ತಿಳಿಯುವ ಈ ವಾಹನದ ಬ್ರೇಕು ಕಾರಿನ ವಂಶದ್ದು. ಪೆಡಲ್ ಒತ್ತಿದರೆ ಎಣ್ಣೆ ಚಕ್ರದವರೆಗೆ ಒತ್ತಡ ಒಯ್ಯುತ್ತದೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಬಂದ ವಿಧಾನವಿದು. ಒಂದೇ ನಳಿಕೆ ಸೋರಿದರೆ ನಾಲ್ಕೂ ಚಕ್ರ ಕೈಬಿಡುತ್ತಿದ್ದುದರಿಂದ, ಎಣ್ಣೆಯ ದಾರಿಯನ್ನು ಎರಡಾಗಿ ಒಡೆಯುವುದನ್ನು ಅಮೆರಿಕ 1968ರಿಂದ ಕಾರುಗಳಿಗೆ ಕಡ್ಡಾಯ ಮಾಡಿತು. 1953ರ ಲ ಮಾನ್ಸ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಡಿಸ್ಕಿನ ಮೇಲೂ ಜನರಿಗೆ ನಂಬಿಕೆ ಬಂತು. ಡ್ರಮ್ಮು ಕಾದಾಗ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿದ್ದು ಬೇಗ ಆರುತ್ತದೆ. ಇಂದಿನ ಪಿಕಪ್ಪುಗಳ ಮುಂದಿನ ಚಕ್ರಕ್ಕೆ ಡಿಸ್ಕ್ ಬಂದಿರುವುದು ಇದೇ ಕಾರಣಕ್ಕೆ.

ಬ್ರೇಕಿನ ಕೆಲಸವೆಂದರೆ ಚಲನೆಯನ್ನು ಶಾಖವಾಗಿ ಮಾರ್ಪಡಿಸುವುದು. ಸರಕೂ ಸೇರಿ 3 ಟನ್ ತೂಗುವ ಪಿಕಪ್ಪು 500 ಮೀಟರ್ ಎತ್ತರದ ಘಾಟಿಯನ್ನು ಬ್ರೇಕಿನ ಬಲದಿಂದಲೇ ಇಳಿಯಿತೆನ್ನಿ. ಅದರ ಬ್ರೇಕುಗಳಲ್ಲಿ ಹುಟ್ಟುವ ಶಾಖದಿಂದ ಸುಮಾರು 45 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮೂರು ಕೊಡ ನೀರು ಕಾಯಿಸುವ ಒಲೆಯನ್ನು ಚಕ್ರಗಳ ನಡುವೆ ಹಚ್ಚಿಕೊಂಡು ಇಳಿದಂತೆ. ಬ್ರೇಕ್ ಎಣ್ಣೆಗೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಅದೇ ನಿಯಮ ಕೇಳುವುದು 140 ಡಿಗ್ರಿ ಮಾತ್ರ. ವರ್ಷಗಟ್ಟಲೆ ಬದಲಾಯಿಸದ ಎಣ್ಣೆ ಘಾಟಿಯ ನಡುವೆ ಕುದಿದು ಆವಿಯಾದರೆ, ಪೆಡಲ್ ಹತ್ತಿಯ ಮೂಟೆಯನ್ನು ತುಳಿದಂತೆ ಕೆಳಗೆ ಹೋಗುತ್ತದೆ. ಎಣ್ಣೆ ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿ! ಮರುದಿನ ಪರೀಕ್ಷಿಸಿದವರಿಗೆ ಬ್ರೇಕ್ ಸರಿಯಾಗಿಯೇ ಕಾಣಿಸುತ್ತದೆ. ಬದುಕಿ ಉಳಿದ ಚಾಲಕ ಸುಳ್ಳನಾಗುತ್ತಾನೆ.

ನಮ್ಮ ಪರಿಚಯದ ಹಿರಿಯ ಚಾಲಕರೊಬ್ಬರು ಘಾಟಿಯ ಅರ್ಧದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದರು. ನಾವು ಅದನ್ನು ಚಟವೆಂದುಕೊಂಡಿದ್ದೆವು. 'ಚಹಾ ನನಗೆ, ವಿಶ್ರಾಂತಿ ಬ್ರೇಕಿಗೆ' ಎಂದು ಅವರು ನಕ್ಕಿದ್ದರು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬುದು ಅವರ ಪಾಠ. ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಂಡರೆ ಬ್ರೇಕಿಗೆ ಬೀಳುವ ಕೆಲಸ ಸ್ವಲ್ಪವೇ. ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಇಳಿಯುವವರು ಆ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ, ಪೆಡಲಿಗೆ ಬಲ ಕೊಡುವ ನಿರ್ವಾತವನ್ನೂ ಕಳೆದುಕೊಳ್ಳುತ್ತಾರೆ. ಒಂದೆರಡು ಸಲ ತುಳಿಯುವಷ್ಟರಲ್ಲಿ ಪೆಡಲ್ ಕಲ್ಲಾಗಿರುತ್ತದೆ.

ಇನ್ನು 'ಅಪ್‌ಗ್ರೇಡ್' ಎಂಬ ಪದ. ನಮ್ಮಲ್ಲಿ ಪಿಕಪ್ಪನ್ನು ಅಪ್‌ಗ್ರೇಡ್ ಮಾಡುವುದೆಂದರೆ ಬಹುಪಾಲು ಭಾರ ಹೊರುವ ಶಕ್ತಿಯನ್ನು ಹೆಚ್ಚಿಸುವುದು. ಹಿಂದಿನ ಸ್ಪ್ರಿಂಗಿಗೆ ಎರಡು ಪಟ್ಟಿ ಹೆಚ್ಚು, ದಪ್ಪ ಟಯರು, ಎತ್ತರದ ಹಲಗೆ. ಬ್ರೇಕು ಮಾತ್ರ ಕಾರ್ಖಾನೆಯಿಂದ ಬಂದದ್ದೇ. ಅನೇಕ ಪಿಕಪ್ಪುಗಳ ಹಿಂದಿನ ಆಕ್ಸಲಿನ ಬಳಿ ಒಂದು ಪುಟ್ಟ ಕವಾಟವಿರುತ್ತದೆ. ಸರಕಿನ ಭಾರಕ್ಕೆ ಸ್ಪ್ರಿಂಗು ಎಷ್ಟು ತಗ್ಗಿತೆಂಬುದನ್ನು ಅಳೆದು, ಅದಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡ ಬಿಡುವುದು ಅದರ ಕೆಲಸ. ಹೆಚ್ಚುವರಿ ಪಟ್ಟಿ ಹಾಕಿದಾಗ ಗಾಡಿ ತಗ್ಗುವುದೇ ಇಲ್ಲ. ಕವಾಟ ಪಾಪ, ಗಾಡಿ ಖಾಲಿಯಿದೆಯೆಂದು ನಂಬಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಭಾರ ಹೆಚ್ಚಿದಷ್ಟೂ ಬ್ರೇಕ್ ಕಡಿಮೆ! ಈ ಮೋಸ ಚಾಲಕನಿಗೆ ಗೊತ್ತಿರುವುದಿಲ್ಲ. ಮಾಲೀಕನಿಗೆ ಬಾಡಿಗೆಯ ಲೆಕ್ಕ ಮಾತ್ರ ಗೊತ್ತಿರುತ್ತದೆ. ಭಾರೀ ಲಾರಿ ಬಸ್ಸುಗಳಿಗೆ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ನಮ್ಮಲ್ಲಿ ಕಡ್ಡಾಯವಾದದ್ದು 2015ರಲ್ಲಿ. ಕಾರಿನಲ್ಲಿ ಅದು ಬಂದದ್ದು 1978ರಲ್ಲಿ. ಇಲ್ಲಿಯೂ ಒಂದು ದೀರ್ಘ ಕಾಯುವಿಕೆ.

ಈಗ ಫ್ರೂಡನ ಪಟ್ಟಿಯೊಳಗಿನ ವಸ್ತುವಿಗೆ ಬರೋಣ. ಶಾಖ ತಾಳುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇಪ್ಪತ್ತನೆಯ ಶತಮಾನದುದ್ದಕ್ಕೂ ಬ್ರೇಕ್ ಲೈನರಿನ ಜೀವಾಳವಾಗಿತ್ತು. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು 33ರ ವಯಸ್ಸಿನಲ್ಲಿ ಸತ್ತಾಗ, ಆಕೆಯ ಶ್ವಾಸಕೋಶದಲ್ಲಿ ಆ ನಾರಿನ ಧೂಳು ಪತ್ತೆಯಾಗಿತ್ತು. ವಿಷಯ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ರಿಟನ್ನು ಕಲ್ನಾರನ್ನು ಪೂರ್ತಿಯಾಗಿ ನಿಷೇಧಿಸಿದ್ದು 1999ರಲ್ಲಿ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ, ಕಾರ್ಮಿಕನ ಆರೋಗ್ಯ ಅವನ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟಿತು. ಆ ತೀರ್ಪು ನಮ್ಮ ಬೀದಿಯ ಗ್ಯಾರೇಜಿನವರೆಗೆ ನಡೆದು ಬಂದಿದೆಯೇ?

ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ಹುಡುಗರಲ್ಲಿ ನಮ್ಮ ಸಮುದಾಯದವರು ಬಹಳ. ಶಾಲೆ ಅರ್ಧಕ್ಕೆ ಬಿಟ್ಟು ಬಂದವರೇ ಹೆಚ್ಚು. ಡ್ರಮ್ಮು ಬಿಚ್ಚಿದೊಡನೆ ಗಾಳಿಯ ಪೈಪು ಹಿಡಿದು ಧೂಳು ಊದುವುದು ಅವರಿಗೆ ಕಲಿಸುವ ಮೊದಲ ಕೆಲಸ. ಲೈನರಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಊದುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು, ಮೂಗು ಬಾಯಿಗೆ ತಕ್ಕ ಮಾಸ್ಕ್ ಇರಬೇಕು ಎಂದು ಆ ಮಗುವಿಗೆ ಹೇಳುವವರಿಲ್ಲ. ಆಯುಧಪೂಜೆಯ ದಿನ ಅದೇ ಗ್ಯಾರೇಜಿನ ಮುಂದೆ ಚಕ್ರದಡಿಗೆ ನಿಂಬೆಹಣ್ಣು ಇಡುತ್ತಾರೆ. ಮುಂದಿನ ಗಾಜಿನ ಮೇಲೆ 786 ಅಂಟಿಸಿದ ಗಾಡಿಯೂ ಪಕ್ಕದಲ್ಲೇ ನಿಂತಿರುತ್ತದೆ. ಎರಡನ್ನೂ ನಾವು ಗೌರವದಿಂದಲೇ ನೋಡುತ್ತೇವೆ. ಆದರೆ ಒಂಟೆಯನ್ನು ಕಟ್ಟದೆ ಮಾಡುವ ತವಕ್ಕುಲ್ ತವಕ್ಕುಲ್ ಅಲ್ಲವೆಂದು ನಾವು ಮದ್ರಸದಲ್ಲೇ ಕೇಳಿದ್ದೇವಲ್ಲ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸುವುದು, ಸವೆದ ಲೈನರನ್ನು ಇನ್ನೊಂದು ಟ್ರಿಪ್ಪಿಗೆಂದು ಉಳಿಸದಿರುವುದು, ಸೋರುವ ನಳಿಕೆಗೆ ಬಟ್ಟೆ ಸುತ್ತದಿರುವುದು, ಇವೇ ಇಂದಿನ ಒಂಟೆಯ ಹಗ್ಗ.

ಆದ್ದರಿಂದ ಮುಂದಿನ ಸಲ 'ಬ್ರೇಕ್ ವೈಫಲ್ಯ' ಎಂದು ಓದಿದಾಗ ನಾವು ಒಂದು ಕ್ಷಣ ನಿಲ್ಲೋಣ. ಆ ಗಾಡಿಯ ಎಣ್ಣೆ ಎಂದು ಬದಲಾಗಿತ್ತು? ಎಷ್ಟು ಪಟ್ಟಿ ಹೆಚ್ಚು ಹಾಕಿದ್ದರು? ಎಷ್ಟು ಟನ್ನು ಹೇರಿದ್ದರು, ಹೇರಿಸಿದವರು ಯಾರು? ಆರ್ಮಾದಲ್ಲಿ ಮಕ್ಕಳು ಸತ್ತಾಗ ಜನ ಇಂಥದೇ ಪ್ರಶ್ನೆಗಳನ್ನು ಕೇಳಿದರು, ಕಾನೂನು ಬಂತು. ಘಾಟಿಯಲ್ಲಿ ಸತ್ತ ಚಾಲಕನ ಪರವಾಗಿ ಇವನ್ನು ಕೇಳುವವರು ಯಾರಾದರೂ ಬೇಕು. ಅವನಂತೂ ಕೇಳಲಾರ.